ಮೇಲಕ್ಕೋ ಕೆಳಕ್ಕೋ

ಚೀಟಿಗಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟವನು ಯೆಪ್ಪೆ. ಇಡೀ ಗುಂಪಿನಲ್ಲಿ ಕದ್ದು ನೋಡದವಳು ಒಡೀಲ್ ಒಬ್ಬಳೇ ಎಂದು ಎಲ್ಲರ ಮುಂದೆ ನನ್ನನ್ನು ಹೊಗಳಿ, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಆದ್ರೆ ನನ್ನ ಚೀಟಿ ನೋಡೇ ನೋಡ್ತೀಯ."

"ನೋಡಲ್ಲ."

"ನೋಡ್ತೀಯ ಕಣೆ. ಹುಡುಕೋ ಕಷ್ಟ ಬೇಡ ಅಂತ ಹೆಸರು ಕೆಂಪು ಪೆನ್ನಲ್ಲಿ ಬರ್ದಿದೀನಿ."

ನಗುವಾಗ ಅವನ ಎಡ ಹುಬ್ಬು ಮಾತ್ರ ಏರುತ್ತಿತ್ತು. ನಾನು ಡಬ್ಬಿಗೆ ಟೇಪ್ ಸುತ್ತಿದೆ, ಎರಡು ಸುತ್ತು.

ಜಿನೀವಾದ ಅಂಚಿನ ನಮ್ಮ ಪ್ರಯೋಗಶಾಲೆಯಲ್ಲಿ ಪ್ರತಿದ್ರವ್ಯದ, ಅಂದರೆ ಆಂಟಿಮ್ಯಾಟರಿನ, ಹೈಡ್ರೋಜನ್ ಪರಮಾಣುಗಳನ್ನು ತಯಾರಿಸುತ್ತಿದ್ದೆವು. ಗೋಡೆಗೆ ತಾಗಿದರೆ ಅವು ಅಲ್ಲೇ ಒಂದು ಮಿಂಚಾಗಿ ಮುಗಿದುಹೋಗುತ್ತವೆ. ಹಾಗಾಗಿ ಮ್ಯಾಗ್ನೆಟ್ಟುಗಳ ನಡುವೆ ಏನನ್ನೂ ಮುಟ್ಟದಂತೆ ಹಿಡಿದಿಟ್ಟು, ಮೆಲ್ಲಗೆ ಹಿಡಿತ ಸಡಿಲಿಸಿ, ನಮ್ಮಂತೆ ಕೆಳಕ್ಕೆ ಬೀಳುತ್ತವೋ ಮೇಲಕ್ಕೆ ಹೋಗುತ್ತವೋ ನೋಡುವುದು. ನಮ್ಮ ಆಸೆ ಲೆಕ್ಕವನ್ನು ಕೆಡಿಸದಿರಲೆಂದು ಉತ್ತರವನ್ನು ಒಂದು ಗುಪ್ತ ಸಂಖ್ಯೆಯ ಹಿಂದೆ ಮುಚ್ಚಿಟ್ಟಿದ್ದರು. ಅದು ತೆರೆಯುವ ದಿನವೇ ಮೇಲಕ್ಕೋ ಕೆಳಕ್ಕೋ ಎಂದು ನಾವು ಬರೆದಿಟ್ಟ ಊಹೆಯ ಚೀಟಿಗಳನ್ನೂ ತೆರೆಯಬೇಕು. ಅದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಮಾರ್ಚ್‌ನಲ್ಲಿ ಯೆಪ್ಪೆಯ ಕಾಂಟ್ರಾಕ್ಟ್ ಮುಗಿಯಿತು. ಅವನ ದೇಶವಾದ ಡೆನ್ಮಾರ್ಕಿನಲ್ಲಿ ಕೆಲಸ ಕಾದಿತ್ತು. ಕೊನೆಯ ಶಿಫ್ಟಿನ ದಿನ ಕೋಟು ಹಾಕಿಕೊಂಡು ನನ್ನ ಕುರ್ಚಿಯ ಹಿಂದೆ ಬಹಳ ಹೊತ್ತು ನಿಂತಿದ್ದ.

"ಏನಾದ್ರೂ ಹೇಳೋದಿದೆಯಾ?" ಎಂದ.

ಹೋಗಬೇಡ ಎನ್ನುವ ಹಕ್ಕು ನನಗೆಲ್ಲಿದೆ ಎಂದುಕೊಂಡೆ. "ಮೂರನೇ ಮ್ಯಾಗ್ನೆಟ್ ಸ್ವಲ್ಪ ಬಿಸಿಯಾಗ್ತಿದೆ" ಎಂದೆ.

ನಮ್ಮೂರಲ್ಲಿ ಬೀಳ್ಕೊಡುವಾಗ ಕೆನ್ನೆಗೆ ಮೂರು ಮುತ್ತು. ಮೂರನೆಯದನ್ನು ಬೇಕೆಂದೇ ತಡಮಾಡಿ ಕಾಡಿಸುತ್ತಿದ್ದವನು ಆ ದಿನ ಎರಡಕ್ಕೇ ನಿಲ್ಲಿಸಿದ.

ನವೆಂಬರ್‌ನಲ್ಲಿ ಸಂಖ್ಯೆ ತೆರೆಯಿತು. ಎಲ್ಲರೂ ಪರದೆಯ ಮುಂದೆ ಒತ್ತಿಕೊಂಡು ನಿಂತಿದ್ದೆವು. ಗೋಡೆಯ ಟೀವಿಯಲ್ಲಿ, ಡೆನ್ಮಾರ್ಕಿನ ಅಡುಗೆಮನೆಯಿಂದ, ಯೆಪ್ಪೆಯೂ ಇದ್ದ. ಪರಮಾಣುಗಳು ಕೆಳಕ್ಕೇ ಬಿದ್ದಿದ್ದವು. ಚಪ್ಪಾಳೆ ಬಿತ್ತು, ಯಾರೋ ಶಾಂಪೇನ್ ತೆರೆದರು. ನಾನು ಟೇಪ್ ಬಿಚ್ಚಿ ಒಂದೊಂದೇ ಚೀಟಿ ಓದತೊಡಗಿದೆ. ಕೆಳಕ್ಕೆ. ಕೆಳಕ್ಕೆ. ಮೇಲಕ್ಕೆ, ಎಂದಾಗ ಎಲ್ಲರೂ ನಕ್ಕರು. ಕೆಂಪು ಹೆಸರಿನದು ತಳದಲ್ಲಿತ್ತು.

"ಒಡೀಲ್, ಮಾರ್ಚ್ ಕೊನೆವರೆಗೂ ಡೆನ್ಮಾರ್ಕಿನವರಿಗೆ ಒಪ್ಪಿಗೆ ಕೊಡಲ್ಲ. ಇರು ಅಂದ್ರೆ ಇದ್ದುಬಿಡ್ತೀನಿ. ನೀನು ಸುಮ್ನಿದ್ರೆ ಅದೇ ಉತ್ತರ ಅಂದ್ಕೊಳ್ತೀನಿ."

ತಲೆ ಎತ್ತಿದೆ. ಟೀವಿಯಲ್ಲಿ ಅವನ ಮುಖ ಬಿಳಿಚಿತ್ತು. ಅಲ್ಲಿಯವರೆಗೂ ಹಾಗೇ ಇದ್ದ ಟೇಪನ್ನು ನಾನು ಬಿಚ್ಚಿದ್ದನ್ನು ಅವನೂ ನೋಡಿದ್ದ. ಹಿಂದಿನಿಂದ ಮದುವೆಯ ಉಂಗುರವಿದ್ದ ಹೆಣ್ಣಿನ ಕೈಯೊಂದು ಅವನ ಮುಂದೆ ಕಾಫಿ ಇಟ್ಟು, ಅವನ ಭುಜ ತಟ್ಟಿ ಹೋಯಿತು.

"ಏನು ಬರ್ದಿದಾನೆ, ಓದೇ" ಎಂದು ಪಕ್ಕದವಳು ತಿವಿದಳು.

ಚೀಟಿಯನ್ನು ನಾಲ್ಕಾಗಿ ಮಡಿಸಿದೆ.

"ಕೆಳಕ್ಕೆ" ಎಂದೆ.