ಕೌಬಾಯ್ ಸಿನಿಮಾಕ್ಕೆ ಬಿದ್ದ ಮೆಣಸಿನಕಾಯಿ ಘಾಟು

ಪರದೆಯ ಮೇಲೆ ಎಂಟು ಹೆಣ ಉರುಳಿದ್ದವು. ಒಂಟಿ ಸವಾರನ ಪಿಸ್ತೂಲಿಗೆ ಮಂಟಪದ ಮಾಲೀಕರ ಹೆಂಡತಿ ನಿರ್ಮಲಾ ಜೋರಾಗಿ ಸೀಟಿ ಹೊಡೆದಿದ್ದಳು. ಸ್ವಲ್ಪ ಹೊತ್ತಿಗೇ ಕಿಟಕಿಯಿಂದ ಸುಟ್ಟ ಮೆಣಸಿನಕಾಯಿಯ ಘಾಟು ನುಗ್ಗಿ, ಬ್ಯಾಡಗಿಯ ಆ ಕಲ್ಯಾಣಮಂಟಪದಲ್ಲಿದ್ದ ನಾವು ನಲವತ್ತು ಹೆಂಗಸರು ಕೆಮ್ಮುತ್ತ ಅಂಗಳಕ್ಕೆ ಓಡಿದೆವು.

ನಾನು ರಾಣೆಬೆನ್ನೂರಿನಿಂದ ಬಂದದ್ದು ಗದಿಗೆವ್ವನ ಜೊತೆ. ಆಕೆ ನಿವೃತ್ತ ನರ್ಸ್. ಊರಲ್ಲಿ ಏನು ಕಳುವಾದರೂ ಜನ ಠಾಣೆಗಿಂತ ಮೊದಲು ಆಕೆಯ ಮನೆಗೆ ಬರುತ್ತಾರೆ. ಈ ಕೌಬಾಯ್ ಸಿನಿಮಾದ ನಿರ್ದೇಶಕನೆಂದರೆ ಆಕೆಗೆ ಪ್ರಾಣ. ಇಂಥ ಸಿನಿಮಾ ಹೆಂಗಸರಿಗಲ್ಲ ಎನ್ನುವವರಿಗೆ ನನ್ನದು ಒಂದೇ ಮಾತು: ಮೂವತ್ತು ವರ್ಷ ಹೆರಿಗೆ ಕೋಣೆಯಲ್ಲಿ ನಿಂತವಳಿಗೆ ರಕ್ತ ತೋರಿಸಿ ಹೆದರಿಸಬೇಡಿ.

ಮಾಲೀಕ ರುದ್ರಮುನಿ ಮೂಗಿಗೆ ಒದ್ದೆ ಟವಲ್ ಕಟ್ಟಿಕೊಂಡು ಬಂದರು. "ಆಫೀಸಿನ್ಯಾಗ ಕುಂತಿದ್ದೆ. ಘಾಟು ಬಂದ ಕೂಡ್ಲೇ ನೆಟ್ಟಗ ಇಲ್ಲಿಗೇ ಓಡಿ ಬಂದೇನಿ," ಎಂದರು. ನಮ್ಮ ನಡುವೆ ನಿಂತಿದ್ದ ಬಿಸ್ಮಿಲ್ಲಾಬಿಯ ಚೀಲದಲ್ಲಿ ಮೆಣಸಿನಕಾಯಿ ಕಂಡದ್ದೇ ತಡ, ಆಕೆಯತ್ತ ಬೆರಳು ಮಾಡಿದರು.

"ಇಕೀದ ಕೆಲಸ. ಪೊಲೀಸರನ್ನ ಕರೀತೇನಿ. ಇನ್ನ ಮ್ಯಾಲ ಇಲ್ಲಿ ಸಿನಿಮಾ ಬಂದ್."

ಮೆಣಸಿನಕಾಯಿ ತೊಟ್ಟು ಬಿಡಿಸುವ ಬಿಸ್ಮಿಲ್ಲಾಬಿಯೇ ಭಾನುವಾರ ಮಧ್ಯಾಹ್ನದ ಈ ಹೆಂಗಸರ ಸಿನಿಮಾ ಶುರುಮಾಡಿದವಳು. ತಾನೇ ಕರೆದವರಿಗೆ ತಾನೇ ಹೊಗೆ ಹಾಕಿದಳಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಕರೀರಿ. ಖರೇ ಗೊತ್ತಾಗೂ ತನಕಾ ನಾ ಏಳಂಗಿಲ್ಲ," ಎಂದು ಆಕೆ ಕಟ್ಟೆಯ ಮೇಲೆ ಕೂತೇಬಿಟ್ಟಳು.

ಗದಿಗೆವ್ವ ಕಿಟಕಿಯ ಕೆಳಗಿದ್ದ ಕೆಂಡ ತುಂಬಿದ ಕಬ್ಬಿಣದ ಬುಟ್ಟಿಯಿಂದ ಅರ್ಧ ಸುಟ್ಟ ಕಾಯೊಂದನ್ನು ಎತ್ತಿಕೊಂಡಳು. ಅಡುಗೆಯವನಿಂದ ಕೀಲಿ ತೆಗೆದುಕೊಂಡು ಅಡುಗೆಮನೆಗೆ ಹೋಗಿಬಂದು ಎಲ್ಲರನ್ನೂ ಒಳಗೆ ಕೂರಿಸಿದಳು.

"ಬ್ಯಾಡಗಿ ಕಾಯಿ ಮೈತುಂಬ ಸುಕ್ಕು, ಬಣ್ಣ ಭಾಳ, ಖಾರ ಕಡಿಮಿ. ಬಿಸ್ಮಿಲ್ಲಾಬಿ ಚೀಲದಾಗ ಇರೂವು ಅವೇ. ಸುಟ್ಟದ್ದು ನುಣ್ಣಗೈತಿ, ಗುಂಟೂರ ಕಾಯಿ. ಇಂಥವು ಇಲ್ಲಿ ಅಡುಗಿಮನ್ಯಾಗ ಒಂದು ಚೀಲ ಅದಾವು."

ಬ್ಯಾಡಗಿಯಲ್ಲೇ ಕೂತು ಹೊರಗಿನ ಕಾಯಿ ತರಿಸುತ್ತಾರೆಂದು ಕೇಳಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿನಿಮಾ ಯಂತ್ರ ನಡೆಸುತ್ತಿದ್ದ ಅಡುಗೆಯ ಡಾಕಪ್ಪ ಎದ್ದು ನಿಂತ.

"ಅಡುಗಿಮನಿ ಕೀಲಿ ನನ್ನ ಕಡೆ ಒಂದು, ಸಾವ್ಕಾರ್ರ ಕಡೆ ಒಂದು ಐತ್ರಿ."

"ನೀ ಯಂತ್ರ ಬಿಟ್ಟು ಎದ್ದಿಲ್ಲ, ನಾ ನೋಡೇನಿ," ಎಂದಳು ಗದಿಗೆವ್ವ. "ರುದ್ರಮುನಿಯವರ, ಘಾಟು ಬಂದ ಕೂಡ್ಲೇ ನೆಟ್ಟಗ ಬಂದಿರಿ. ನಿಮ್ಮ ಟವಲ್ ಯಾವಾಗ ತೋಯಿಸಿದ್ರಿ? ಘಾಟು ಬರ್ತೈತಿ ಅಂತ ಮೊದಲ ಗೊತ್ತಿದ್ದವರು ಇಲ್ಲಿ ಒಬ್ಬರೇ."

ರುದ್ರಮುನಿ ಹೆಂಡತಿಯತ್ತ ತಿರುಗಿದರು. "ಕೂಲಿ ಹೆಣ್ಮಕ್ಕಳ ನಡುವ ಕುಂತು ಸೀಟಿ ಹೊಡಿತಿ. ಊರಾಗ ನಾ ಹೆಂಗ ತಲಿ ಎತ್ತಲಿ?"

ನಿರ್ಮಲಾ ದನಿ ಏರಿಸಲಿಲ್ಲ. "ಮೊದ್ಲು ಬಿಸ್ಮಿಲ್ಲಾಬಿಗೆ ತಪ್ಪಾತು ಅನ್ರಿ."

ಅವರು ಅಂದರು. ನಲವತ್ತು ಜನಕ್ಕೂ ಕೇಳಿಸುವಂತೆ ನಿರ್ಮಲಾ ಎರಡನೇ ಸಲ ಹೇಳಿಸಿದಳು.

"ಈ ಮಂಟಪ ನಮ್ಮಪ್ಪ ನನ್ನ ಹೆಸರಿಗೆ ಮಾಡಿಕೊಟ್ಟಾನ. ಸಿನಿಮಾ ಪ್ರತೀ ಐತವಾರ ನಡೀತೈತಿ. ಡಾಕಪ್ಪ, ಹಚ್ಚು."

ರುದ್ರಮುನಿ ಬಾಗಿಲು ದಾಟಿದರು. ನಿರ್ಮಲಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಬಾಗಲಾ ಹಾಕ್ಕೊಂಡು ಹೋಗ್ರಿ. ಬೆಳಕು ಬೀಳ್ತೈತಿ."