ಪರದೆಗೆ ಬಾರದ ಮೊಮ್ಮಗಳು

ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು, ಕಂಡದ್ದನ್ನಷ್ಟೇ ಬರೆಯುತ್ತೇನೆ. ನಾನು ಕಸ ಗುಡಿಸುವ ಕಾಲೇಜಿನ ಬಾಗಿಲಿನೊಳಗೆ ನನ್ನ ಮೊಮ್ಮಗಳೂ ಅವಳ ತಂತ್ರಜ್ಞಾನ ಸಂಘದ ಮಕ್ಕಳೂ ಒಂದು ದೊಡ್ಡ ಪರದೆ ಹಾಕಿದ್ದರು. ಒಳಗೆ ಬಂದವರನ್ನು ಅದರ ಕ್ಯಾಮೆರಾ ಹಿಡಿದು, ನಾಲ್ಕು ಎಣಿಸುವಷ್ಟು ತಡವಾಗಿ ತೋರಿಸುತ್ತಿತ್ತು. ತಮ್ಮನ್ನೇ ಕಂಡು ಎಲ್ಲರೂ ನಗಲಿ ಎಂದು ಬೇಕೆಂದೇ ಹಾಗೆ ಮಾಡಿದ್ದರು.

ಸೋಮವಾರ ಎಲ್ಲರೂ ನಾಲ್ಕು ಎಣಿಸುವಷ್ಟರಲ್ಲಿ ಪರದೆಯಲ್ಲಿ ಕಾಣಿಸಿಕೊಂಡರು, ಮೊಮ್ಮಗಳು ಮಾತ್ರ ಹತ್ತು ಎಣಿಸಿದ ಮೇಲೆ. ಮಂಗಳವಾರ ಅವಳ ಎಣಿಕೆ ನೂರು ದಾಟಿತು.

“ವಿಡಿಯೋ ಎಲ್ಲೋ ಸಿಕ್ಕಾಕೊಂಡಿರುತ್ತೆ ಬಿಡಜ್ಜಿ. ನಿಮ್ಮ ರಾತ್ರಿ ಶಾಲೆ ಮೇಷ್ಟ್ರು ಎಣಿಸೋದು ಬಿಟ್ಟು ಬೇರೇನೂ ಕಲಿಸಲಿಲ್ವಾ?” ಎಂದು ಅವಳು ನನ್ನ ಕೈ ಹಿಡಿದು ನಕ್ಕಳು. ಅವಳ ಕೈ ನೆನೆದ ಕಲ್ಲಿನಂತೆ ತಣ್ಣಗಿತ್ತು.

ಬುಧವಾರ ಬೆಳಿಗ್ಗೆ ಒಳಗೆ ಹೋದವಳು ಪರದೆಗೆ ಬರಲೇ ಇಲ್ಲ. ಪೊರಕೆ ಬಿಟ್ಟು ಹತ್ತು ಸಲ ಬಂದು ನೋಡಿದೆ. ಸಂಜೆ ಪರದೆಯೆದುರು ಕುಳಿತಿದ್ದ ನನ್ನ ಪಕ್ಕದಲ್ಲೇ ಅವಳು ಬಂದು ಕುಳಿತಳು. ಪರದೆಯಲ್ಲಿ ನಾನೊಬ್ಬಳೇ ಇದ್ದೆ. ಬೀಗ ಹಾಕಲು ಬಂದ ಕಾವಲುಗಾರ ಸ್ವಿಚ್ಚಿಗೆ ಕೈ ಚಾಚಿದ.

“ಆರಿಸಬೇಡಪ್ಪಾ, ನಮ್ಮ ಹುಡುಗಿ ಇನ್ನೂ ಬಂದಿಲ್ಲ.”

“ಪಕ್ಕದಲ್ಲೇ ಕೂತಿದಾಳಲ್ಲ ಅಜ್ಜಿ! ಕನ್ನಡಕ ಒರೆಸ್ಕೊಳ್ಳಿ.”

ಅಷ್ಟರಲ್ಲಿ ಪರದೆಯೊಳಗಿನ ಬಾಗಿಲು ಸರಿಯಿತು. ಅವಳ ಹಸಿರು ಚೀಲ, ಆಮೇಲೆ ಒಂದು ಕಾಲು ಒಳಗೆ ಬಂತು. ನಾನು ಕಿರುಚಿದೆ. ಅವನು ಆರಿಸಿಬಿಟ್ಟ.

ಮರುದಿನದಿಂದ ಎಲ್ಲರೂ ನಾಲ್ಕು ಎಣಿಸುವಷ್ಟರಲ್ಲೇ ಪರದೆಯಲ್ಲಿ ಕಾಣಿಸುತ್ತಾರೆ. ಆ ಸಂಜೆ ನನ್ನ ಜೊತೆ ಮನೆಗೆ ಬಂದವಳೂ ಅಷ್ಟೇ. ಊಟ, ನಗು, ಮಾತು ಎಲ್ಲವೂ ಅವಳದ್ದೇ. ಕೈ ಮಾತ್ರ ಇವತ್ತಿನವರೆಗೂ ಬೆಚ್ಚಗಾಗಿಲ್ಲ.