ಜೋಡಿ ಬಾಟಲಿಯ ಗಾಳಿ

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

"ಕೆಲಸ ಮುಗಿಸಿದೀನಿ ಅಂದಿದ್ದೆಯಲ್ಲೋ ಫುರ್ತಾಡೊ?"

ಸ್ಲೇಡ್ ಏದುಸಿರು ಬಿಡುತ್ತಿದ್ದ. ಕಲ್ಲಿದ್ದಲು ಕಂಪನಿಯೊಂದರ ಕೊಳಕು ಕೆಲಸಗಳಿಗೆಲ್ಲ ಇವನೇ ದಿಕ್ಕು. ಬೆಳಿಗ್ಗೆ ಕೆಳಗೆ ಹಿಲೋ ಪಟ್ಟಣದಲ್ಲಿ ಸಮುದ್ರದ ಪಕ್ಕ ತಿಂಡಿ ತಿಂದವನು, ಈಗ ಮೌನಾ ಲೋವಾ ಬೆಟ್ಟದ ಹನ್ನೊಂದು ಸಾವಿರ ಅಡಿಯಲ್ಲಿ ನಿಂತಿದ್ದ. ಇಲ್ಲಿ ಹುಲ್ಲೂ ಇಲ್ಲ. ಕರಿ ಲಾವಾ ಕಲ್ಲು, ಗಾಳಿ, ಒಂದು ತಗಡಿನ ಶೆಡ್ಡು... ಅಷ್ಟೇ.

"ಮುಗಿಸಿದೀನಿ," ಅಂದೆ.

"ಹಾಗಾದ್ರೆ ಸೋಮವಾರ ಆ ಡಾಕ್ಟರಮ್ಮನ ರಿಪೋರ್ಟು ಹೇಗೆ ಹೊರಗೆ ಬರ್ತಿದೆ?"

ನನಗೂ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಪೊಲೀಸು, ಹನ್ನೆರಡು ವರ್ಷ ಇಂಥವರ ಚಾಕರಿ. ಹೆದರುವುದಕ್ಕೂ ಬೇಜಾರಾಗುವ ವಯಸ್ಸು ನನ್ನದು.

ಮೂರು ತಿಂಗಳ ಹಿಂದೆ ಸ್ಲೇಡ್ ನನ್ನನ್ನು ಡಾಕ್ಟರ್ ಹಾಲ್ವರ್ಸನ್ ಬಳಿ ಜೀಪ್ ಡ್ರೈವರ್ ಆಗಿ ಸೇರಿಸಿದ್ದ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅಳೆಯುವ ಹೆಂಗಸು. ನಾವು ಸುಡುವ ಕಲ್ಲಿದ್ದಲು, ಪೆಟ್ರೋಲಿನ ಹೊಗೆ ಆಕಾಶದಲ್ಲೇ ಕೂಡಿಕೊಳ್ಳುತ್ತಿದೆ, ಭೂಮಿ ಬಿಸಿಯಾಗುತ್ತದೆ ಅನ್ನುವುದು ಅವರ ವಾದ. ಪುರಾವೆ ಗಾಜಿನ ಬಾಟಲಿಗಳಲ್ಲಿತ್ತು. ಉಸಿರು ಬಿಗಿಹಿಡಿದು, ಗಾಳಿಗೆ ಎದುರಾಗಿ ಹತ್ತು ಹೆಜ್ಜೆ ನಡೆದು, ಕೈ ಎತ್ತಿ ಬಾಟಲಿಯ ನಲ್ಲಿ ತಿರುಗಿಸಿ ಗಾಳಿ ತುಂಬಬೇಕು. ನಾವು ಬಿಡುವ ಉಸಿರಲ್ಲೂ ಅದೇ ಅನಿಲ; ಒಂದು ಉಸಿರು ತಾಗಿದರೂ ಅಂಕಿ ಕೆಡುತ್ತದೆ. ಅಂಕಿಗಳು ಕುಣಿದಾಡಿದರೆ ಅವರ ಮಾತನ್ನು ಯಾರು ನಂಬುತ್ತಾರೆ? ವಾರಕ್ಕೆ ಮೂರು ದಿನ ಆ ಕೆಲಸ ನನ್ನದು, ಉಳಿದ ದಿನ ಅವರದು.

ಪ್ರತಿ ಸಲವೂ ಬಾಟಲಿಯ ಬಾಯಿಗೆ ಊದಿದೆ. ಇದಕ್ಕಿಂತ ಸುಲಭದ ದ್ರೋಹ ನಾನು ಮಾಡಿಲ್ಲ.

ಶೆಡ್ಡಿನ ಬಾಗಿಲು ತೆರೆಯಿತು. ಡಾಕ್ಟರಮ್ಮ ಎರಡು ಖಾಲಿ ಬಾಟಲಿ ಹಿಡಿದು ಹೊರಗೆ ಬಂದರು. ಪಿಸ್ತೂಲು ನೋಡಿದರು.

"ಅವರ ತಪ್ಪೇನಿಲ್ಲ," ಅಂದರು ಸ್ಲೇಡ್‌ಗೆ. "ಪಾಪ, ಚೆನ್ನಾಗೇ ಊದಿದಾರೆ."

ನನಗೆ ನಾಚಿಕೆಯಾಯಿತು. ಎಷ್ಟೋ ವರ್ಷಗಳ ಮೇಲೆ.

"ಗೊತ್ತಿತ್ತಾ ಡಾಕ್ಟ್ರೇ?"

"ಮೊದಲ ವಾರದಿಂದ. ಪ್ರತಿ ಸಲ ಎರಡು ಬಾಟಲಿ ಯಾಕೆ ಅಂತ ಒಂದಿನ ಆದ್ರೂ ಕೇಳಿದ್ರಾ?"

"ಒಂದು ಒಡೆದ್ರೆ ಇನ್ನೊಂದಿರ್ಲಿ ಅಂತ ಅಂದ್ಕೊಂಡೆ."

"ಎರಡೂ ಒಂದೇ ಅಂಕಿ ಕೊಡಬೇಕು. ಇಲ್ದಿದ್ರೆ ಎರಡೂ ಲೆಕ್ಕಕ್ಕಿಲ್ಲ. ಒಂದೇ ಥರ ಎರಡು ಸಲ ಊದೋಕೆ ಯಾರ ಕೈಲೂ ಆಗಲ್ಲ ಫುರ್ತಾಡೊ. ನಿಮ್ಮ ಜೋಡಿ ಒಂದು ಸಲಾನೂ ಕೂಡಿಲ್ಲ. ಅವನ್ನೆಲ್ಲ ಬಿಟ್ಟು ನನ್ನ ದಿನಗಳ ಅಂಕಿಯಲ್ಲೇ ರಿಪೋರ್ಟು ಬರೆದೆ."

"ಮತ್ತೆ ನನ್ನ ಓಡಿಸಲಿಲ್ಲ ಯಾಕೆ?"

"ಈ ರಸ್ತೇಲಿ ಜೀಪ್ ಓಡಿಸೋರು ಸಿಗ್ತಾರಾ? ಅದೂ ಅಲ್ದೆ, ಯಾರಾದ್ರೂ ಮೋಸ ಮಾಡಿದ್ರೆ ಹೇಗೆ ಗೊತ್ತಾಗುತ್ತೆ ಅಂತ ಎಲ್ರೂ ಕೇಳ್ತಿದ್ರು. ಈಗ ಮೂರು ತಿಂಗಳ ಮೋಸ ಬರೆದಿಟ್ಟಿದೀನಿ." ಕೋಟಿನ ಜೇಬು ತಟ್ಟಿದರು. "ಎಲ್ಲ ಇದರಲ್ಲೇ ಇದೆ."

ಬುದ್ಧಿವಂತರೂ ಒಮ್ಮೊಮ್ಮೆ ಬಾಯಿ ಮುಚ್ಚಿಕೊಂಡಿರುವುದಿಲ್ಲ.

ಪಿಸ್ತೂಲು ಅವರ ಕಡೆ ತಿರುಗಿತು. "ಆ ನೋಟ್‌ಬುಕ್ ಕೊಡು."

ಅವರು ಬಾಟಲಿಗಳನ್ನು ಮೆಲ್ಲಗೆ ನೆಲಕ್ಕಿಟ್ಟರು. ಆಮೇಲೆ ಓಡಿದರು.

ನಾನು ಸ್ಲೇಡ್‌ನ ಕೈಗೆ ಹೊಡೆದೆ. ಗುಂಡು ಕಲ್ಲಿಗೆ ತಾಗಿತು. ನನ್ನನ್ನು ತಳ್ಳಿ ಅವನು ಬೆನ್ನಟ್ಟಿದ. ಹಿಂದೆ ನಾನು... ಮಂಡಿನೋವಿನ ನಾನು. ಡಾಕ್ಟರಮ್ಮನಿಗೆ ಈ ಬೆಟ್ಟದ ಮೇಲೆ ಎರಡು ವರ್ಷದ ಅಭ್ಯಾಸ. ಅವನಿಗೆ ಅರ್ಧ ಗಂಟೆಯದು. ಐವತ್ತು ಗಜಕ್ಕೆ ಮೊಣಕಾಲೂರಿ ವಾಂತಿ ಮಾಡಿಕೊಂಡ. ತುಟಿ ನೀಲಿಯಾಗಿತ್ತು. ಪಿಸ್ತೂಲು ಕಿತ್ತುಕೊಂಡೆ.

"ಇಲ್ಲಿ ಓಡಬಾರದಪ್ಪಾ," ಅಂದೆ. "ಗಾಳಿ ಕಡಿಮೆ."

ಅವನ ಕೈ ಕಟ್ಟಿ ಜೀಪಿಗೆ ಹಾಕಿದೆ. ಇನ್ನೇನು ಹೊರಡಬೇಕು, ಡಾಕ್ಟರಮ್ಮ ವಾಚು ನೋಡಿದರು.

"ಗಾಳಿ ತುಂಬೋ ಹೊತ್ತು. ಓಡಿ ಬಂದು ನನಗೀಗ ಉಸಿರು ಬಿಗಿಹಿಡಿಯೋಕಾಗಲ್ಲ. ನೀವೇ ತುಂಬಿ."

"ನನ್ನ ನಂಬ್ತೀರಾ?"

"ಇಲ್ಲ. ಅದಕ್ಕೇ ಎರಡು ಬಾಟಲಿ."

ಉಸಿರು ಬಿಗಿಹಿಡಿದು ಹತ್ತು ಹೆಜ್ಜೆ ನಡೆದೆ. ಕಣ್ಣು ಕತ್ತಲೆ ಬಂತು. ನಲ್ಲಿ ತಿರುಗಿಸಿದೆ, ಮುಚ್ಚಿದೆ. ಮತ್ತೆ ಇನ್ನೊಂದು.

ಸ್ಲೇಡ್‌ನನ್ನು ಪೊಲೀಸರಿಗೊಪ್ಪಿಸಿ ಸಂಜೆ ವಾಪಸು ಬಂದಾಗ ಅವರು ಅಳೆದು ಮುಗಿಸಿದ್ದರು. ಜೋಡಿ ಕೂಡಿತ್ತು. ಅಂಕಿ ಹೋದ ವರ್ಷ ಇದೇ ತಿಂಗಳಿದ್ದದ್ದಕ್ಕಿಂತ ಮೇಲಿತ್ತು.

ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ಕೆಲಸ ನಿಯತ್ತಾಗಿ ಮಾಡಿದ್ದೆ... ಬಂದದ್ದು ಕೆಟ್ಟ ಸುದ್ದಿ.